ಗೇಟಿನ ಹೊರಗೆ ಕೂತ ಡಾಕ್ಟರು

ಅರವತ್ತರ ದಶಕದಲ್ಲಿ ನಾನು ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದಾಗ ನಮ್ಮ ವಾರ್ಡಿನಲ್ಲಿ ಆಗಷ್ಟೇ ಓದು ಮುಗಿಸಿದ ಕಿರಿಯ ಡಾಕ್ಟರೊಬ್ಬರು ಹೌಸ್ ಸರ್ಜನ್ ಆಗಿದ್ದರು. ಚಾ ಕುಡಿಯುವುದೂ ಓಡುತ್ತಲೇ. ಯಾರು ಏನು ಹೇಳಿದರೂ “ಆಯ್ತು ಮಾರಾಯ್ರೆ” ಎನ್ನುವವರು. ಸಂಬಳ ಹೆಚ್ಚಿಸಬೇಕೆಂದು ಕಿರಿಯ ಡಾಕ್ಟರುಗಳೆಲ್ಲ ಮುಷ್ಕರ ಹೂಡಿದಾಗ ಮಾತ್ರ ಅವರು “ಇನ್ನು ಆಗುವುದಿಲ್ಲ” ಎಂದು ಗೇಟಿನ ಹೊರಗೆ ಚಾಪೆ ಹಾಸಿ ಕೂತರು.

ಮರುದಿನ ಆಸ್ಪತ್ರೆಯ ಸೂಪರಿಂಟೆಂಡೆಂಟರ ಮನೆಗೆ ಮೀನು ಕೊಡುವ ಹೆಂಗಸು ಬೆರಳು ಕೊಯ್ದುಕೊಂಡು ಬಂದಳು. ಡಾಕ್ಟರು ನನ್ನಿಂದ ಸೂಜಿ, ನೂಲು ತರಿಸಿ ಚಾಪೆಯ ಮೇಲೆಯೇ ಹೊಲಿಗೆ ಹಾಕಿದರು. ಅಷ್ಟರಲ್ಲಿ ಸೂಪರಿಂಟೆಂಡೆಂಟರು ಹೊರಬಂದರು.

“ಹಾಗಾದರೆ ಮುಷ್ಕರ ಮುಗಿಯಿತಲ್ಲ?”

“ಇಲ್ಲ ಸರ್. ಇದು ಆಸ್ಪತ್ರೆಯಲ್ಲ, ರಸ್ತೆ.”

ಹೆಂಗಸು ಡಾಕ್ಟರನ್ನು ಕೇಳಿದಳು, “ನಿಮಗೆ ಸಂಬಳ ಎಷ್ಟು ಉಂಟು?”

ಅವರು ಮೆಲ್ಲನೆ ಹೇಳಿದರು.

“ಅಯ್ಯೋ ದೇವರೇ! ಬಂಗುಡೆ ಮಾರುವ ನನಗೇ ಅದಕ್ಕಿಂತ ಹೆಚ್ಚು ಸಿಗ್ತದೆ!” ಎಂದವಳು ಸೂಪರಿಂಟೆಂಡೆಂಟರ ಕಡೆ ತಿರುಗಿದಳು. “ಇವರಿಗೆ ಸರಿಯಾಗಿ ಕೊಡುವವರೆಗೆ ನಿಮ್ಮ ಮನೆಗೆ ಮೀನಿಲ್ಲ.”

ಅದರ ಭಯಕ್ಕೋ ಏನೋ, ವಾರದೊಳಗೆ ಮಾತುಕತೆ ನಡೆಯಿತು. ಡಾಕ್ಟರು ನಗುತ್ತಾ ಹೊರಬಂದರು.

“ಸಂಬಳ ಹೆಚ್ಚಾಯ್ತು ಸಿಸ್ಟರ್. ಬಂಗುಡೆಯಕ್ಕನಷ್ಟು ಆಗಬೇಕಾದರೆ ಇನ್ನೊಂದು ಮುಷ್ಕರ ಬೇಕು.”