ಅತ್ತೆ ದೇವರ ಜೊತೆ ಟೂ ಬಿಟ್ಟದ್ದು

ನನ್ನ ಹೆಂಡತಿಯ ಅಣ್ಣ ಲಿಫ್ಟ್ ರಿಪೇರಿ ಮಾಡುತ್ತಾರೆ. ಲಿಫ್ಟು ಕೆಟ್ಟು ನಿಂತಾಗ ಜನ ಗ್ರಹಚಾರ, ಕೆಟ್ಟ ದೃಷ್ಟಿ ಎಂದೆಲ್ಲ ಹೇಳುವುದನ್ನು ಸಮಾಧಾನದಿಂದ ಕೇಳಿಸಿಕೊಳ್ಳುತ್ತಾರೆ. ಕೆಲಸ ಮುಗಿದ ಮೇಲೆ ಕೆಟ್ಟ ಬಿಡಿಭಾಗವನ್ನು ಒರೆಸಿ, ದೂರು ಕೊಟ್ಟವರ ಅಂಗೈಯಲ್ಲಿಟ್ಟು, "ಕಾರಣ ಇದು" ಎನ್ನುತ್ತಾರೆ. ಒಮ್ಮೆ ಒಬ್ಬ ಅಜ್ಜಿಯ ಅಂಗೈಯಲ್ಲಿ ಸತ್ತ ಜಿರಳೆಯನ್ನೂ ಇಟ್ಟಿದ್ದರು. ಕಾರಣ ಅದೇ ಆಗಿತ್ತು.

ಇದೇ ಭಾವ ರಜಾದಿನಗಳಲ್ಲಿ ಕಂಪನಿಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ತಂಡದವರು "ಗೇಟು" ಎಂದು ಕರೆಯುತ್ತಾರೆ. ಅದು ಹೊಗಳಿಕೆಯೋ ಬೈಗುಳವೋ ಎಂಬುದು ಪಂದ್ಯ ಮುಗಿದ ಮೇಲೆ ತಿಳಿಯುತ್ತದೆ.

ಹೋದ ವರ್ಷದ ಫೈನಲ್ ಪಂದ್ಯ ಬೇಕರಿ ತಂಡದ ಮೇಲೆ. ಕೊನೆಯಲ್ಲಿ ಪೆನಾಲ್ಟಿ ಸಿಕ್ಕಿದ್ದು ಅವರಿಗೆ. ಒದ್ದವನು ಒಲೆಯ ಮುಂದೆ ನಿಂತು ನಿಂತು ಸದಾ ಕೆಂಪಗಿರುವ, ಎಲ್ಲರೂ "ಬನ್ನು" ಎನ್ನುವ ಹುಡುಗ. ಭಾವ ಎಡಕ್ಕೆ ಹಾರಿದರು, ಚೆಂಡು ಬಲಕ್ಕೆ ಹೋಯಿತು. ಕೇಬಲ್ ಟಿವಿಯವರು ಮೈಕು ಹಿಡಿದಾಗ ಬನ್ನು ಬೆರಳನ್ನು ಆಕಾಶಕ್ಕೆ ತೋರಿಸಿ, "ನನ್ನದೇನೂ ಇಲ್ಲ, ಎಲ್ಲಾ ದೇವರೇ ಮಾಡಿಸಿದ್ದು" ಎಂದ.

ಮನೆಯಲ್ಲಿ ಟಿವಿ ನೋಡುತ್ತಿದ್ದ ಅತ್ತೆ ಎದ್ದು ಅದನ್ನು ಆರಿಸಿದರು.

ಅತ್ತೆಗೆ ಒಂದು ರೂಢಿ ಇತ್ತು. ಬೆಳಗ್ಗೆ ಅಡುಗೆಮನೆಯ ಕಿಟಕಿಯ ಬಳಿ ಸ್ಟೂಲು ಹಾಕಿಕೊಂಡು ದೇವರೊಡನೆ ಮಾತಾಡುವುದು. ಬೇಡುವುದು ಕಡಿಮೆ, ಸುದ್ದಿ ಹೇಳುವುದು ಹೆಚ್ಚು. ನಲ್ಲಿ ಸೋರುವುದು, ಪಕ್ಕದ ಮನೆಯವಳ ಜಂಬ, ಎಲ್ಲವೂ ಅಲ್ಲಿಗೆ ವರದಿಯಾಗುತ್ತಿತ್ತು. ಫೈನಲ್‌ನ ಮರುದಿನ ಸ್ಟೂಲು ಖಾಲಿ.

"ಇವನು ಹೊಟ್ಟೆಯಲ್ಲಿದ್ದಾಗಿಂದ ಆ ದೇವರನ್ನ ದಿನಾ ಮಾತಾಡಿಸಿದೀನಿ. ಹೋಗೀ ಹೋಗೀ ಆ ಬೇಕರಿಯವನ ಕಡೆ ಸೇರ್ಕೊಂಡ. ನಾನು ಟೂ," ಎಂದರು ಅತ್ತೆ.

"ಅಮ್ಮ, ಅದರಲ್ಲಿ ದೇವರದ್ದೇನಿದೆ? ನನ್ನ ಮಂಡಿ ಸರಿ ಇಲ್ಲ. ಬಲಕ್ಕೆ ಹಾರಕ್ಕೆ ಆಗಲ್ಲ."

"ಸುಮ್ನಿರೋ. ನಿನ್ನ ಮಂಡಿಗೇನಾಗಿದೆ? ಅವನನ್ನ ಕಾಪಾಡಕ್ಕೆ ನೀನ್ಯಾಕೆ ತಪ್ಪು ಹೊತ್ಕೋತೀಯಾ?"

ದೇವರಿಗೆ ಹೋಗುತ್ತಿದ್ದ ಸುದ್ದಿಯೆಲ್ಲ ಈಗ ಭಾವನ ಕಿವಿಗೆ ಬೀಳತೊಡಗಿತು. ಹಲ್ಲುಜ್ಜುವಾಗ ನಲ್ಲಿ, ಬೂಟು ಹಾಕಿಕೊಳ್ಳುವಾಗ ಪಕ್ಕದ ಮನೆಯವಳು. ಅದನ್ನು ಅವರು ಹೇಗೋ ತಡೆದುಕೊಂಡರು. ಆದರೆ ಹೇಳಿ ಮುಗಿಸಿದ ಮೇಲೆ ಅತ್ತೆಯ ಮುಖ ಹಗುರವಾಗುತ್ತಿರಲಿಲ್ಲ. ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. "ನಾವು ಅವನಿಗೆ ಬೇಡವಾದ್ವು" ಎಂದು ಒಮ್ಮೆ ಮೆಲ್ಲಗೆ ಹೇಳಿದ್ದನ್ನು ಕೇಳಿ ಭಾವ ಬೇಕರಿಗೆ ಹೊರಟರು. ನಾನೂ ಜೊತೆಗೆ ಹೋದೆ.

ಬನ್ನು ಒಲೆಯಿಂದ ಟ್ರೇ ಎಳೆಯುತ್ತಿದ್ದ. ವಿಷಯ ಕೇಳಿ ಅವನ ಕೆಂಪು ಮುಖ ಇನ್ನಷ್ಟು ಕೆಂಪಾಯಿತು.

"ಅಯ್ಯೋ ಅಣ್ಣ, ಮೈಕು ಕಂಡ್ರೆ ನನಗೆ ಬೇರೇನೂ ಹೊಳೆಯಲ್ಲ. ಹಾಗನ್ನದಿದ್ರೆ ನಮ್ಮಜ್ಜಿ ಊಟ ಹಾಕಲ್ಲ."

"ಹಾಗಾದ್ರೆ ಬಂದು ನಮ್ಮಮ್ಮಂಗೆ ಹೇಳು. ಗೋಲು ಹೊಡೆದಿದ್ದು ನೀನೇ ಅಂತ."

ಭಾನುವಾರ ಬನ್ನು ಬಿಸಿ ಬ್ರೆಡ್ಡು ಹಿಡಿದುಕೊಂಡು ಬಂದ. ಅತ್ತೆ ಬ್ರೆಡ್ಡು ತೆಗೆದುಕೊಂಡರು, ಕುಳಿತುಕೋ ಎನ್ನಲಿಲ್ಲ.

"ಅಮ್ಮ, ದೇವರು ನನಗೇನೂ ಹೇಳ್ಕೊಡಲಿಲ್ಲ," ಎಂದ ಬನ್ನು ನಿಂತೇ. "ಅಣ್ಣ ಎಡಕ್ಕೆ ಹಾರೋ ಮುಂಚೆ ಎಡಗೈ ಗ್ಲೌಸು ಎಳ್ಕೋತಾರೆ. ಬಲಕ್ಕಾದ್ರೆ ಬಲಗೈದು. ಎಲ್ಲಾ ಟೀಮಿನವರಿಗೂ ಗೊತ್ತು."

ಭಾವ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಊರಿನ ಲಿಫ್ಟುಗಳಲ್ಲೆಲ್ಲ ದೋಷ ಹುಡುಕುವ ಮನುಷ್ಯ, ತಮ್ಮ ದೋಷ ಹುಡುಕುವಾಗ ಮಂಡಿಯ ಹತ್ತಿರವೇ ನಿಂತುಬಿಟ್ಟಿದ್ದರು.

ಅತ್ತೆ ನಗತೊಡಗಿದರು. "ಅದಾ? ಚಿಕ್ಕವನಿದ್ದಾಗ ಸುಳ್ಳು ಹೇಳೋ ಮುಂಚೆ ಅಂಗಿ ತೋಳು ಎಳ್ಕೋತಿದ್ದ. ಒಂದು ದಿನಾನೂ ದಕ್ಕಿಸ್ಕೊಳ್ಳಲಿಲ್ಲ. ಕೂತ್ಕೊಳ್ಳಪ್ಪ ನೀನು, ಯಾಕೆ ನಿಂತಿದೀಯಾ?"

"ನಂಗ್ಯಾಕೆ ಹೇಳಲಿಲ್ಲ ಅಮ್ಮ?" ಎಂದರು ಭಾವ.

"ಹೇಳಿದ್ರೆ ನೀನು ಸಿಕ್ಕಿಬೀಳ್ತಿದ್ಯಾ?"

ಬ್ರೆಡ್ಡು ಕೊಯ್ಯಲು ಒಳಗೆ ಹೋದ ಅತ್ತೆ ತುಂಬ ಹೊತ್ತು ಬರಲಿಲ್ಲ. ಸ್ಟೂಲು ಎಳೆದ ಸದ್ದಾಯಿತು. "ಕೇಳಿಸ್ತಾ? ತಪ್ಪು ನಮ್ಮನೇದೇ. ಸರಿ, ಆ ನಲ್ಲಿ ವಿಷಯಕ್ಕೆ ಬರ್ತೀನಿ," ಎಂಬ ದನಿ ಹೊರಗೆ ಬಂತು. ಕೊನೆಗೆ ಬ್ರೆಡ್ಡು ಬಂದಾಗ ಭಾವ ದೊಡ್ಡದೊಂದು ತುಂಡು ತಿಂದರು.

ಈ ವರ್ಷದ ಫೈನಲ್‌ನಲ್ಲೂ ಅವೇ ಎರಡು ತಂಡ, ಮತ್ತೆ ಪೆನಾಲ್ಟಿ, ಮತ್ತೆ ಬನ್ನು. ಭಾವ ಎಡಗೈ ಗ್ಲೌಸನ್ನು ಎಳೆದುಕೊಂಡರು. ಹುಟ್ಟುಗುಣ ಸುಟ್ಟರೂ ಹೋಗದು ಎಂದುಕೊಂಡ ಬನ್ನು ಭಾವನ ಬಲಕ್ಕೆ ಒದ್ದ. ಭಾವ ಹಾರಿದ್ದೂ ಬಲಕ್ಕೇ. ಚೆಂಡು ಅವರ ಎದೆಗೆ ಬಂದು ಕೂತಿತು.

ಕೇಬಲ್ ಟಿವಿಯ ಹುಡುಗಿ ಮೈಕು ಹಿಡಿದು, "ಸರ್, ಈ ಗೆಲುವಿಗೆ ಯಾರು ಕಾರಣ?" ಎಂದಳು. ಭಾವನ ಬೆರಳು ಮೇಲೇಳತೊಡಗಿತ್ತು, ಅರ್ಧಕ್ಕೇ ನಿಂತಿತು. ಎಲ್ಲೋ ಒಂದು ಮನೆಯಲ್ಲಿ ಬನ್ನುವಿನ ಅಜ್ಜಿ ಟಿವಿಯ ಮುಂದೆ ಕೂತಿರುತ್ತಾರೆ. ಅವರಿಗೂ ದೇವರಿಗೂ ಮಾತು ನಿಲ್ಲಬಾರದು.

ಭಾವ ಎಡಗೈಯ ಗ್ಲೌಸು ಕಳಚಿ, ಮಣ್ಣು ಒರೆಸಿ, ಆ ಹುಡುಗಿಯ ಅಂಗೈಯಲ್ಲಿಟ್ಟರು.

"ಕಾರಣ ಇದು."

ಮರುದಿನ ಬೆಳಗ್ಗೆ ಅತ್ತೆ ಕಿಟಕಿಯ ಬಳಿ ಹೇಳುತ್ತಿದ್ದರು: "ನಿನ್ನ ಹೆಸರು ಎತ್ತಲಿಲ್ಲ ಅಂತ ಬೇಜಾರು ಮಾಡ್ಕೋಬೇಡಪ್ಪ. ಅವನು ಇರೋದೇ ಹಾಗೆ. ಗೊತ್ತಿದ್ದೇ ತಾನೇ ನೀನು ಕಳಿಸಿದ್ದು?"