ಹೂ ಬೀಳುವ ತನಕ ಯಾರೂ ಏಳುವಂತಿಲ್ಲ

ನಾನು ಕೂತಲ್ಲಿ ಕೂರುವ ಹೆಂಗಸಲ್ಲ. ಹೊಳಲ್ಕೆರೆಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವಾಗಲೂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತಲೇ ಇರುತ್ತೇನೆ. ‘ಕುಂತ್ಕಳ್ರಿ ಮೇಡಂ, ನಮ್ಗೆ ಕತ್ತು ನೋವು ಬರ್ತೈತೆ’ ಎಂದು ಹುಡುಗಿಯರು ಛೇಡಿಸುತ್ತಾರೆ. ಅಂಥವಳನ್ನು ಒಂದು ಮಧ್ಯಾಹ್ನ ಗುಡಿಯ ಚಪ್ಪಡಿಕಲ್ಲಿನ ಮೇಲೆ ಮಿಸುಕಾಡದಂತೆ ಕೂರಿಸಿದವಳು ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ. ಆಕೆ ಪಂಚಾಯಿತಿ ಚುನಾವಣೆಗೆ ನಾಮಪತ್ರ ಹಾಕಿದ್ದಳು. ಅದನ್ನು ವಾಪಸ್ ತೆಗೆಸಬೇಕು ಎಂದು ಊರಿಗೆ ಊರೇ ನಿಂತಿತ್ತು.

ನನ್ನ ಗಂಡನ ಮನೆ ಯಲ್ಲದಕೆರೆಯಿಂದ ಆಚೆ ಒಂದು ಹಟ್ಟಿಯಲ್ಲಿದೆ. ಊರು ಬೇರೆ, ಹಟ್ಟಿ ಬೇರೆ. ನಡುವೆ ಒಂದು ಒಣಹಳ್ಳ. ನಾವಿಬ್ಬರೂ ಕೆಲಸದ ದೆಸೆಯಿಂದ ಚಿತ್ರದುರ್ಗದಲ್ಲಿ ಮನೆ ಮಾಡಿದ್ದೇವೆ. ಅತ್ತೆ, ಮೈದುನ, ವಾರಗಿತ್ತಿ ಹಟ್ಟಿಯಲ್ಲೇ ಕುರಿ ಸಾಕಿಕೊಂಡು, ಹೊಲ ನೋಡಿಕೊಂಡು ಗಟ್ಟಿಮುಟ್ಟಾಗಿದ್ದಾರೆ. ನೀರಿನ ಟ್ಯಾಂಕು ಊರೊಳಗಿದೆ. ಹಟ್ಟಿಯ ಕಡೆಗೆ ತಿರುಗುವ ಪೈಪಿಗೆ ಒಂದು ವಾಲ್ವು. ಅದನ್ನು ಯಾವಾಗ ತಿರುಗಿಸಬೇಕೆಂದು ನೀರುಗಂಟಿಗೆ ಹೇಳುವವರು ಊರ ಯಜಮಾನರು. ಅವರಿಗೆ ಸಿಟ್ಟು ಬಂದ ವಾರ ನಮ್ಮ ಹಟ್ಟಿಗೆ ನೀರಿಲ್ಲ. ಅಧಿಕಾರ ಎಂದರೇನು ಎನ್ನುವುದಕ್ಕೆ ನಾನು ತರಗತಿಯಲ್ಲಿ ಏನೇನೋ ವ್ಯಾಖ್ಯೆ ಬರೆಸುತ್ತೇನೆ. ಹಟ್ಟಿಯ ಹೆಂಗಸರನ್ನು ಕೇಳಿದರೆ ಆ ವಾಲ್ವಿನ ಕಡೆ ಕೈ ತೋರಿಸುತ್ತಾರೆ.

ಆ ಊರಿನಲ್ಲಿ ಪಂಚಾಯಿತಿಗೆ ಮತದಾನ ಎನ್ನುವುದೇ ನಡೆದಿರಲಿಲ್ಲ. ಪ್ರತಿ ಸಲ ಯಜಮಾನರು ಗುಡಿಯಲ್ಲಿ ಹೂ ಕೇಳುತ್ತಿದ್ದರು. ಪೂಜಾರಿ ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ ದೇವರ ಎಡಕ್ಕೊಂದು ಬಲಕ್ಕೊಂದು ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಅಲ್ಲಿ ಒಪ್ಪಿಗೆಯಾದವರು ಒಬ್ಬರೇ ನಾಮಪತ್ರ ಹಾಕುವುದು, ಅವಿರೋಧವಾಗಿ ಆಯ್ಕೆಯಾಗುವುದು, ಪಟಾಕಿ ಹೊಡೆಯುವುದು. ಎಂಎಲ್‌ಎ, ಎಂಪಿ ಚುನಾವಣೆಗೆ ಬೆರಳಿಗೆ ಶಾಯಿ ಹಾಕಿಸಿಕೊಂಡ ನನ್ನ ಅತ್ತೆ, ತನ್ನ ಬೀದಿಯ ಮೆಂಬರನ್ನು ಆರಿಸಲು ಒಂದು ಸಲವೂ ಚೀಟಿ ಮುಟ್ಟಿದವಳಲ್ಲ.

ಈ ಸಲ ಸೀಟು ಹೆಂಗಸರಿಗೆ ಬಂತು. ಯಜಮಾನರು ತಮ್ಮ ಸೊಸೆಯನ್ನು ಮುಂದೆ ಮಾಡಿದರು. ಯಾರಿಗೂ ಹೇಳದೆ ಕೇಳದೆ ವಾರಗಿತ್ತಿ ಹೋಗಿ ತಾನೂ ಒಂದು ನಾಮಪತ್ರ ಕೊಟ್ಟು ಬಂದಳು. ನನಗೆ ಫೋನು ಮಾಡಿ, ‘ಅಕ್ಕ, ಹಾಕ್ಬಿಟ್ಟೆ. ಈಗ ಎದೆ ಡವಡವ ಅಂತೈತೆ’ ಅಂದಳು. ‘ಶಭಾಷ್ ಕಣೇ!’ ಎಂದು ಸ್ಟಾಫ್ ರೂಮಿನಲ್ಲೇ ಕಿರುಚಿದೆ. ಸಹೋದ್ಯೋಗಿಗಳು ಕನ್ನಡಕದ ಮೇಲಿಂದ ನೋಡಿದರು.

ನಾಮಪತ್ರ ಹಿಂತೆಗೆದುಕೊಳ್ಳಲು ಕಡೆಯ ದಿನ, ಮಧ್ಯಾಹ್ನ ಮೂರು ಗಂಟೆಯವರೆಗೆ ಅವಕಾಶ. ನಾನು ರಜೆ ಹಾಕಿ ಹಿರಿಯೂರಿನಲ್ಲಿ ಬಸ್ಸು ಬದಲಾಯಿಸಿ ಹಟ್ಟಿಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿ ದಾಟಿತ್ತು. ಮನೆಯವರೆಲ್ಲ ಗುಡಿಯಲ್ಲಿದ್ದರು. ಮೈದುನ ತಲೆ ತಗ್ಗಿಸಿ ಕೂತಿದ್ದ. ಅತ್ತೆಯ ಮುಖ ಊದಿಕೊಂಡಿತ್ತು.

ಯಜಮಾನರದು ಬೆಣ್ಣೆಯಂಥ ಮಾತು. ‘ನೋಡವ್ವ, ಊರು ಒಡೀಬಾರ್ದು. ಬೆಳಗ್ಗೆ ನಾನೇ ಹೂ ಕೇಳೀನಿ. ಊರಿಗೆ ಜಗಳ ಬ್ಯಾಡ, ಒಬ್ರೇ ನಿಲ್ಲಾದು ನಿನ್ ಮನ್ಸಿನಾಗೈತಾ ಅಂತ. ಬೀಡಿ ಸೇದಿ ಮುಗ್ಸದ್ರೊಳಗೆ ಬಲಕ್ಕೆ ಕೊಡ್ತು. ದೇವ್ರು ಹೇಳಿದ್ ಮ್ಯಾಲೆ ಇನ್ನೇನೈತೆ? ನಡಿ, ಸೈನ್ ಹಾಕಿ ಬರಾಣ.’

ನನ್ನ ಮೈಯೆಲ್ಲ ಉರಿದುಹೋಯಿತು. ‘ಯಜಮಾನ್ರೇ, ಇದು ಸಂವಿಧಾನ ಕೊಟ್ಟ ಹಕ್ಕು’ ಎಂದು ಶುರು ಮಾಡಿದ್ದೇ ತಡ, ಅತ್ತೆ ನನ್ನ ಸೆರಗು ಜಗ್ಗಿದಳು. ‘ಸುಮ್ಕಿರೇ ತಾಯಿ. ನೀನು ಪಾಠ ಹೇಳಿ ಬಸ್ ಹತ್ತಿ ಹೋಗ್ತೀಯ. ನೀರು ಹಿಡಿಯೋರು ನಾವು.’ ಅವಳ ಮಾತು ಸುಳ್ಳೇನೂ ಅಲ್ಲ.

ಆಗ ವಾರಗಿತ್ತಿ ಮೆಲ್ಲಗೆ ಕೇಳಿದಳು: ‘ನೀವು ಊರಿನ್ ವಿಷ್ಯ ಕೇಳೀರಿ. ನನ್ನ ವಿಷ್ಯ ಕೇಳಿಲ್ಲವಲ್ಲ? ನಾನು ನಿಂತ್ಕಂಡಿರಾದು ಒಪ್ಪಿಗೆನಾ ಅಂತ ನಾನೂ ಒಂದ್ ಹೂ ಕೇಳ್ತೀನಿ.’

ಒಂದಿಬ್ಬರು ಗಂಡಸರು ಗೊಣಗಿದರು. ಪೂಜಾರಿ, ಕಿವಿ ಸ್ವಲ್ಪ ಮಂದವಾದ ಮುದುಕ, ಅವರನ್ನೇ ಗದರಿದ. ‘ಕೇಳ್ಬಾರ್ದು ಅಂತ ಎಲ್ಲೈತ್ರಿ? ಮಗಳ ಮದ್ವೆಗೆ ಕೇಳ್ತಾರೆ, ಕುರಿ ಕಳದ್ರೆ ಕೇಳ್ತಾರೆ. ಇದಕ್ಯಾಕೆ ಬ್ಯಾಡ?’ ಯಜಮಾನರು ಕೈಗಡಿಯಾರ ನೋಡಿ ನಕ್ಕರು. ‘ಕೇಳ್ಲಿ ಬಿಡು, ಇನ್ನೂ ಟೈಮೈತೆ.’ ಬೆಳಗಿನ ಹೂ ಅಷ್ಟು ಬೇಗ ಬಿದ್ದದ್ದು ಅವರಿಗೆ ಅಷ್ಟು ಧೈರ್ಯ ಕೊಟ್ಟಿತ್ತು.

ಪೂಜಾರಿ ಹೊಸ ಹೂ ಅದ್ದಿ ಅಂಟಿಸಿದ. ವಾರಗಿತ್ತಿ ಕೈಮುಗಿದು, ಎಲ್ಲರಿಗೂ ಕೇಳುವ ಹಾಗೆ, ‘ಒಪ್ಪಿಗೆ ಇದ್ರೆ ಬಲಕ್ಕೆ ಕೊಡು ನನ್ನಪ್ಪ, ಇಲ್ದಿದ್ರೆ ಎಡಕ್ಕೆ ಕೊಡು’ ಅಂದಳು. ಅಲ್ಲಿಗೆ ಕಟ್ಟಳೆ ಶುರುವಾಯಿತು. ಹೂ ಕೇಳಿದ ಮೇಲೆ ಅಪ್ಪಣೆ ಆಗುವ ತನಕ ಎದುರಿಗೆ ಕೂತವರು ಯಾರೂ ಏಳುವಂತಿಲ್ಲ. ಯಜಮಾನರೂ ಅಷ್ಟೇ, ಕೂಲಿಯವನೂ ಅಷ್ಟೇ. ನಡುವೆ ಎದ್ದವರ ಮನೆಗೆ ಒಳ್ಳೆಯದಾಗುವುದಿಲ್ಲ ಎಂದು ಅಲ್ಲಿ ಎಲ್ಲರೂ ನಂಬಿದ್ದಾರೆ.

ಹೂ ಬೀಳಲಿಲ್ಲ.

ನಾನು ಆ ಹೊತ್ತನ್ನು ಹೇಗೆ ಕಳೆದೆನೋ ದೇವರೇ ಬಲ್ಲ. ಕಾಲು ಜೋಮು ಹಿಡಿಯಿತು. ಬಲಗಡೆಯ ಹೂವನ್ನು ದುರುಗುಟ್ಟಿ ನೋಡುತ್ತಾ, ಬೀಳೇ ಬೀಳೇ ಎಂದು ಮನಸ್ಸಿನಲ್ಲೇ ಬೈದೆ. ನನಗೆ ಇದರಲ್ಲಿ ನಂಬಿಕೆ ಇಲ್ಲವಲ್ಲ, ಯಾಕೆ ಬೈಯುತ್ತಿದ್ದೇನೆ ಎಂದು ಇನ್ನೂ ಸಿಟ್ಟು ಬಂತು. ಎದ್ದು ಹೋಗೋಣವೆಂದು ಮೊಣಕಾಲು ಎತ್ತಿದರೆ ಅತ್ತೆಯ ಕೈ ನನ್ನ ಸೆರಗನ್ನು ಬಿಟ್ಟಿರಲಿಲ್ಲ. ಗುಡಿಯ ಬಾಗಿಲಿಂದ ಪಂಚಾಯಿತಿ ಕಚೇರಿ ಕಾಣುತ್ತಿತ್ತು. ಅಷ್ಟು ಹತ್ತಿರ. ಯಜಮಾನರು ಮೊದಲು ನಗುತ್ತಾ ಕೂತಿದ್ದರು. ಆಮೇಲೆ ಗಡಿಯಾರ ನೋಡಿದರು. ಆಮೇಲೆ ಹೂವನ್ನು, ಗಡಿಯಾರವನ್ನು ಒಂದೇ ಸಮನೆ ನೋಡತೊಡಗಿದರು. ಹಣೆಯ ಮೇಲೆ ಬೆವರು.

‘ಪೂಜಾರಪ್ಪ, ಸ್ವಲ್ಪ ಗಾಳಿ ಹಾಕೋ’ ಎಂದರು ಕಡೆಗೆ.

‘ಅಂಗೆಲ್ಲ ಮಾಡಾಂಗಿಲ್ಲ ಯಜಮಾನ್ರೇ. ಕೊಟ್ಟಾಗ ಕೊಡ್ತೈತೆ. ಕುಂತ್ಕಳ್ರಿ.’

ಆ ಊರಿನಲ್ಲಿ ಯಜಮಾನರಿಗೆ ಕುಂತ್ಕಳ್ರಿ ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರು ಕೂತರು. ಎದ್ದು ಹೋಗಿದ್ದರೆ ಹಿಡಿಯುವವರು ಯಾರೂ ಇರಲಿಲ್ಲ. ಆದರೆ ಇಷ್ಟು ವರ್ಷ ಯಾವ ಕಟ್ಟಳೆ ಹೇಳಿ ಊರನ್ನು ಕೂರಿಸಿದ್ದರೋ, ಅದನ್ನು ತಾವೇ ಮುರಿದರೆ ನಾಳೆ ಯಾರು ಕೂರುತ್ತಾರೆ? ಆ ಲೆಕ್ಕಾಚಾರ ಅವರ ಮುಖದಲ್ಲೇ ಓಡಾಡುತ್ತಿತ್ತು.

ಮೂರು ದಾಟಿ ಸ್ವಲ್ಪ ಹೊತ್ತಾದ ಮೇಲೆ ಹೂ ಬಿತ್ತು. ಎಡಕ್ಕೆ.

ವಾರಗಿತ್ತಿಯ ಕಣ್ಣು ತುಂಬಿತು. ಆದರೆ ಎದ್ದು, ಸೆರಗು ಕೊಡವಿ, ‘ಆಯ್ತು. ಹೋಗಾಣ ನಡೀರಿ, ಸೈನ್ ಹಾಕ್ತೀನಿ’ ಅಂದಳು. ‘ಲೇ, ಹುಚ್ಚೀ, ಟೈಮು ಮುಗೀತು ಕಣೇ!’ ಎಂದು ನಾನು ಅವಳ ರಟ್ಟೆ ಹಿಡಿದೆ. ‘ಇರ್ಲಿ ಅಕ್ಕ. ಕೇಳಿದ್ ಮ್ಯಾಲೆ ಕೇಳ್ಬೇಕಲ್ಲ’ ಎಂದು ಕೈ ಬಿಡಿಸಿಕೊಂಡಳು. ಎಲ್ಲರೂ ದಡದಡ ಕಚೇರಿಗೆ ಹೋದೆವು.

ಚುನಾವಣಾಧಿಕಾರಿ ಬೇರೆ ಕಡೆಯಿಂದ ಬಂದಿದ್ದ ಚಿಕ್ಕ ವಯಸ್ಸಿನ ಹೆಂಗಸು. ಊಟ ಮಾಡಿರಲಿಲ್ಲವೆಂದು ಕಾಣುತ್ತದೆ, ಮುಖ ಬಾಡಿತ್ತು. ‘ಮೂರು ಗಂಟೆ ಆಗೋಯ್ತಲ್ಲ. ಆಗಲ್ಲ’ ಅಂದಳು.

‘ಆಕೆನೇ ಬಂದಾಳೆ, ಆಕೆನೇ ಬ್ಯಾಡ ಅಂತಾಳೆ. ದೇವ್ರೂ ಬ್ಯಾಡ ಅಂದೈತೆ. ಒಂಚೂರು ಹಿಂದೆ ಮುಂದೆ ಮಾಡ್ಕಳವ್ವ’ ಎಂದರು ಯಜಮಾನರು.

‘ಮೂರು ಗಂಟೆ ಆದ ಮೇಲೆ ನನಗೇ ಅಧಿಕಾರ ಇಲ್ಲ ಯಜಮಾನ್ರೇ.’

‘ಮತ್ಯಾರಿಗೈತೆ? ತಹಶೀಲ್ದಾರ್ರಿಗೆ ಫೋನ್ ಹಚ್ಲೇನು? ಡಿಸಿಗೆ?’

‘ಯಾರಿಗೂ ಇಲ್ಲ.’

ಯಾರಿಗೂ ಇಲ್ಲದ ಅಧಿಕಾರ ಎನ್ನುವುದೊಂದು ಇರಬಹುದು ಎಂದು ಯಜಮಾನರಿಗೆ ಜನ್ಮದಲ್ಲಿ ಹೊಳೆದಿರಲಿಲ್ಲ. ನಾನು ಇದನ್ನೇ ವರ್ಷವರ್ಷವೂ ‘ಸೀಮಿತ ಸರ್ಕಾರ’ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ, ಹುಡುಗರು ಆಕಳಿಸುತ್ತಾರೆ. ಅಲ್ಲಿ ಮಾತ್ರ ಕುಣಿದುಬಿಡುವಷ್ಟು ಖುಷಿಯಾಯಿತು.

ಖುಷಿ ನಾಲ್ಕು ದಿನ ಉಳಿಯಲಿಲ್ಲ. ವಾರಗಿತ್ತಿ ಪ್ರಚಾರಕ್ಕೆ ಹೋಗುವುದಿಲ್ಲ ಎಂದು ಹಟ ಹಿಡಿದಳು. ‘ದೇವ್ರು ಒಪ್ಪಿಗೆ ಕೊಡ್ಲಿಲ್ಲ. ಹೆಸ್ರು ತೆಗೆಯಾಕೆ ಅವ್ರು ಒಪ್ಲಿಲ್ಲ. ನಾನ್ಯಾರನ್ನೂ ಕೇಳಲ್ಲ ಅಕ್ಕ, ಹಾಕೋರು ಹಾಕ್ಲಿ.’ ದಿನಾ ಫೋನು ಮಾಡಿ ಕೂಗಾಡಿದೆ. ಕರಪತ್ರ ಮಾಡಿಸುತ್ತೇನೆ ಅಂದೆ, ಆಟೋ ಕಳಿಸುತ್ತೇನೆ ಅಂದೆ. ಊಹೂಂ. ಚಿತ್ರದುರ್ಗದ ಮನೆಯಲ್ಲಿ ಅಡುಗೆಮನೆಯಿಂದ ಅಂಗಳಕ್ಕೆ ಶತಪಥ ಹಾಕಿದೆ. ನನ್ನ ಗಂಡ, ‘ನೀನೇ ನಿಂತ್ಕೋಬೇಕಿತ್ತು ಬಿಡು’ ಎಂದು ಕಿಚಾಯಿಸಿದ. ಎರಡು ದಿನ ಅವನ ಜೊತೆ ಮಾತು ಬಿಟ್ಟೆ.

ಆದರೆ ಚೀಟಿಯಲ್ಲಿ ಎರಡು ಹೆಸರು ಬಂದಾಗಿತ್ತು. ಎರಡು ಹೆಸರಿದ್ದರೆ ಕೇಳಲು ಹೋಗಲೇಬೇಕು. ಯಜಮಾನರು ಸೊಸೆಯನ್ನು ಕರೆದುಕೊಂಡು ಹಳ್ಳ ದಾಟಿ ಹಟ್ಟಿಗೆ ಬಂದರು. ನನ್ನ ಅತ್ತೆಯ ಬಾಗಿಲಲ್ಲಿ ನಿಂತು ಎರಡೂ ಕೈ ಜೋಡಿಸಿದರು. ಆವಾಗಿಂದ ಮತದಾನದ ತನಕ ಹಟ್ಟಿಯ ನಲ್ಲಿಯಲ್ಲಿ ದಿನಾ ನೀರು.

ಮತದಾನದ ದಿನ ನಾನು ಅಲ್ಲೇ ಇದ್ದೆ, ನನ್ನ ವೋಟು ಅಲ್ಲಿ ಇಲ್ಲದಿದ್ದರೂ. ಅತ್ತೆ ಬೆಳಗ್ಗೆ ‘ನಾನ್ ಬರಲ್ಲ, ಯಾರ್ಗೂ ಬ್ಯಾಡ’ ಎಂದು ಕುರಿ ದೊಡ್ಡಿಯ ಹಿಂದೆ ಕೂತಿದ್ದಳು. ತನ್ನ ಸೊಸೆ ನಿಂತಿದ್ದಕ್ಕೆ ಮೊದಲಿನಿಂದಲೂ ಅವಳಿಗೆ ಅಸಮಾಧಾನ. ಹೊತ್ತೇರಿದ ಮೇಲೆ ಅದೇನಾಯಿತೋ, ಒಗೆದ ಸೀರೆ ಉಟ್ಟು ಒಬ್ಬಳೇ ಹೊರಟಳು. ಸಾಲಿನಲ್ಲಿ ಅವಳ ಮುಂದೆ ಯಜಮಾನರ ಹೆಂಡತಿ ನಿಂತಿದ್ದಳಂತೆ. ಇಬ್ಬರೂ ಒಂದೇ ಸಾಲಿನಲ್ಲಿ, ಒಬ್ಬರ ಹಿಂದೆ ಒಬ್ಬರು.

ವಾರಗಿತ್ತಿ ಸೋತಳು. ಬಹಳ ಮತಗಳಿಂದೇನಲ್ಲ. ನನಗೆ ಅಳು ಉಕ್ಕಿಬಂತು, ಸಿಟ್ಟೂ ಬಂತು. ಹಟ್ಟಿಗೆ ಹೋದವಳೇ, ‘ಪ್ರಚಾರ ಮಾಡಿದ್ರೆ ಗೆಲ್ತಿದ್ದೆ! ಇನ್ನು ನೋಡು, ವಾಲ್ವು ಮತ್ತೆ ಬಂದ್!’ ಎಂದು ಅವಳ ಮೇಲೆ ಹರಿಹಾಯ್ದೆ. ಅವಳು ಮರಿಗೆ ಸೊಪ್ಪು ಹಾಕುತ್ತಾ ನಕ್ಕಳು. ‘ಬಂದ್ ಮಾಡ್ಲಿ. ಇನ್ನೊಂದ್ ಸಲ ಎಲೆಕ್ಷನ್ ಬರ್ತೈತಲ್ಲ, ಆವಾಗ್ಲೂ ಈ ಬಾಗ್ಲಿಗೇ ಬರ್ಬೇಕು.’

ನನಗೆ ಸಮಾಧಾನವಾಗಲಿಲ್ಲ. ಅತ್ತೆಯ ಕಡೆ ತಿರುಗಿದೆ. ‘ನೀವಾದ್ರೂ ಸೊಸೆಗೆ ಹಾಕಿದ್ರೋ ಇಲ್ವೋ? ಹೇಳಿ ನೋಡೋಣ.’ ಮೈದುನನೂ ಕಿವಿ ನಿಮಿರಿಸಿದ. ಅವನಿಗೂ ಅದೇ ಅನುಮಾನವಿತ್ತು.

ಅತ್ತೆ ಶಾಯಿ ಹತ್ತಿದ ಬೆರಳನ್ನು ಸೆರಗಿನ ತುದಿಯಲ್ಲಿ ಒರೆಸಿಕೊಂಡಳು. ಅದು ಹೋಗಲಿಲ್ಲ.

‘ಉಣ್ಣಾಕೆ ಕೇಳೀನಿ, ಉಡಾಕೆ ಕೇಳೀನಿ, ತೌರಿಗೆ ಹೋಗಾಕೂ ಕೇಳೀನಿ. ಇದೊಂದು ನಂದು. ಹೇಳಾದಿಲ್ಲ’ ಅಂದಳು.