ಟ್ರಾಂಬುಲೇಷಿಯಸ್ ಅಂದರೇನು?

ಚಿಂತಾಮಣಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ರಾಮಾಂಜಿನಪ್ಪನವರಿಗೆ ಇಂಗ್ಲಿಷ್ ಪದಗಳ ಹುಚ್ಚು. ಸಣ್ಣಪುಟ್ಟ ಪದ ಅವರಿಗೆ ಆಗಿಬರುವುದಿಲ್ಲ. ಹಲ್ಲುನೋವನ್ನೂ ‘ಎಕ್ಸ್‌ಕ್ರೂಷಿಯೇಟಿಂಗ್’ ಎಂದೇ ಹೇಳಿಕೊಳ್ಳುತ್ತಾರೆ. ಈ ರೋಗ ಅಂಟಿಸಿದವರು ಇಂಗ್ಲಿಷ್ ಮೇಷ್ಟ್ರಾಗಿದ್ದ ನರಸಿಂಹಮೂರ್ತಿಗಳು. ದಿನಾ ಬೆಳಿಗ್ಗೆ ಬಸ್ ಸ್ಟಾಂಡ್ ಎದುರಿನ ಹೋಟೆಲಿನಲ್ಲಿ ರಾಮಾಂಜಿನಪ್ಪನವರು ಒಂದು ಹೊಸ ಪದ ಒಡ್ಡಬೇಕು, ಮೇಷ್ಟ್ರು ಅರ್ಥ ಹೇಳಬೇಕು. ಕಾಫಿಯ ದುಡ್ಡು ಸೋತವರದು. ಮೊಬೈಲ್ ಮುಟ್ಟುವಂತಿಲ್ಲ. ಪಕ್ಕದ ಟೇಬಲಿನಲ್ಲಿ ನೆಮ್ಮದಿಯಾಗಿ ಇಡ್ಲಿ ತಿನ್ನಲು ಬಂದ ನನ್ನಂಥವರ ಗತಿ ಕೇಳಬೇಡಿ.

ಮೇಷ್ಟ್ರು ಸೋತದ್ದೇ ಇಲ್ಲ. ಪದ ಪೂರ್ತಿ ಹೊರಬರುವ ಮುಂಚೆಯೇ ಅರ್ಥ ಹೇಳಿ ಕಾಫಿಗೆ ಕೂಗುತ್ತಿದ್ದರು. ರಾಮಾಂಜಿನಪ್ಪನವರಿಗೆ ರೇಗಿಹೋಯಿತು. ಒಂದು ಸೋಮವಾರ ಬಲು ಗಂಭೀರವಾಗಿ ‘ಟ್ರಾಂಬುಲೇಷಿಯಸ್’ ಎಂದರು. ಅಂಥ ಪದ ಯಾವ ದೇಶದಲ್ಲೂ ಇಲ್ಲ. ಹಲ್ಲುಜ್ಜುವಾಗ ತಾವೇ ಹೊಸೆದದ್ದು.

ಮೇಷ್ಟ್ರ ಮುಖ ಸಪ್ಪಗಾಯಿತು. ತಾವೇ ದುಡ್ಡು ಕೊಟ್ಟು ಎದ್ದು ಹೋದರು. ಮಾರನೆಯ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಗೆದ್ದ ರಾಮಾಂಜಿನಪ್ಪನವರು ಒಬ್ಬರೇ ಕೂತು, ಕಾಫಿಯನ್ನು ಆರಲು ಬಿಟ್ಟು, ಕುಡಿಯದೆ ಏಳುತ್ತಿದ್ದರು. ಕೊನೆಗೆ ನನ್ನ ಹತ್ತಿರ ಬಾಯಿಬಿಟ್ಟರು. ನಿಜ ಹೇಳಿದರೆ ಸುಳ್ಳುಗಾರನೆಂದು ಮೇಷ್ಟ್ರು ದೂರ ಮಾಡುತ್ತಾರೆ. ಹೇಳದಿದ್ದರೂ ದೂರವಾಗಿಯೇ ಇದ್ದಾರೆ. ನನಗೂ, ಹೇಳಲು ನಾಚಿಕೆ, ಅವರಿಬ್ಬರ ಗದ್ದಲವಿಲ್ಲದೆ ಇಡ್ಲಿ ರುಚಿಸುತ್ತಿರಲಿಲ್ಲ. ಆದದ್ದಾಗಲಿ ಎಂದು ಅವರನ್ನು ಎಬ್ಬಿಸಿಕೊಂಡು ಮೇಷ್ಟ್ರ ಮನೆಗೆ ಹೊರಟೆ.

ಬಾಗಿಲು ತೆಗೆದ ಮೇಷ್ಟ್ರ ಹೆಂಡತಿ ವಿಶಾಲಾಕ್ಷಮ್ಮ ನಮ್ಮನ್ನು ಕಂಡದ್ದೇ ತರಾಟೆಗೆ ತೆಗೆದುಕೊಂಡರು. ಊಟಕ್ಕೆ ಕೂತಾಗಲೂ ಇವರ ಕೈಯಲ್ಲಿ ಡಿಕ್ಷನರಿಯಂತೆ, ನಿನ್ನೆ ಮುದ್ದೆಯ ಬದಲು ಅದನ್ನೇ ಸಾರಿನಲ್ಲಿ ಅದ್ದಿದರಂತೆ. ಒಳಗೆ ಮೇಷ್ಟ್ರು ದಪ್ಪ ದಪ್ಪ ಪುಸ್ತಕಗಳ ನಡುವೆ ಗಡ್ಡ ಬಿಟ್ಟುಕೊಂಡು ಕೂತಿದ್ದರು. ನೋಡಿ ನನಗೇ ಪಾಪ ಎನಿಸಿತು. ರಾಮಾಂಜಿನಪ್ಪನವರು ಹೊಸಿಲಲ್ಲೇ ನಿಂತು ಹೆಗಲ ಟವೆಲನ್ನು ಹಿಂಡತೊಡಗಿದರು. ದೊಡ್ಡ ಪದಗಳನ್ನೆಲ್ಲ ಬಿಟ್ಟು ಸಣ್ಣ ಪದಗಳಲ್ಲೇ ಶುರುಮಾಡಿದರು.

“ಮೇಷ್ಟ್ರೇ, ಆ ಪದ...”

“ಸಿಕ್ತು ಕಣಯ್ಯಾ,” ಎಂದರು ಮೇಷ್ಟ್ರು, ಕನ್ನಡಕ ತೆಗೆದು ಅವರನ್ನೇ ನೋಡುತ್ತಾ. “ಸ್ನೇಹಿತನಿಗೆ ಸುಳ್ಳು ಹೇಳಿ, ಆಮೇಲೆ ಅವನ ಮನೆ ಬಾಗಿಲಲ್ಲಿ ನಿಂತು ಒದ್ದಾಡೋನು ಅಂತ ಅರ್ಥ.”

ಯಾವ ಡಿಕ್ಷನರಿಯಲ್ಲಿ ಸಿಕ್ಕಿತೆಂದು ರಾಮಾಂಜಿನಪ್ಪನವರು ಕೇಳಲಿಲ್ಲ. ಟವೆಲಿನಿಂದ ಕಣ್ಣು ಒರೆಸಿಕೊಂಡರು.

“ಅರ್ಥ ಕರೆಕ್ಟಾಗೈತೆ ಮೇಷ್ಟ್ರೇ,” ಎಂದರು. “ನಾನು ಸೋತೆ.”